ಸುಕ್ಕಿಲ್ಲದ ಹೊದಿಕೆ

ಮೂಲೆಯನ್ನು ಮೊದಲು ಎಳೆಯಬೇಕು, ಆಮೇಲೆ ಮಡಿಕೆ, ಆಮೇಲೆ ಹಾಸಿಗೆಯಡಿಗೆ ಕೈ ತೂರಿಸಿ ಬಿಗಿಯಾಗಿ ಸಿಕ್ಕಿಸಬೇಕು, ಆದರೆ ಈಗ ಬಗ್ಗಿದರೆ ಹೊಟ್ಟೆ ಇವಳಿಗಿಂತ ಮುಂಚೆ ಮಂಚಕ್ಕೆ ತಾಗುತ್ತದೆ, ಎಲ್ಲ ಕಡೆಗೂ ಅದೇ ಮುಂದು, ಬಾಗಿಲಿಗೆ, ಮೇಜಿಗೆ, ಬಸ್ಸಿನ ಕಂಬಿಗೆ, ಯಜಮಾನ ಮುಂದೆ ನಡೆದು ಆಳು ಹಿಂದೆ ಬಂದ ಹಾಗೆ — ಇವಳು ಪಕ್ಕಕ್ಕೆ ತಿರುಗಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಹೊದಿಕೆಯ ಅಂಚನ್ನು ಒಳಗೆ ತಳ್ಳಿ, ಅಂಗೈಯಿಂದ ಮೇಲಿನಿಂದ ಕೆಳಗೆ ಒಮ್ಮೆ ಸವರಿದಳು. ಸುಕ್ಕಿಲ್ಲ. ಇವಳು ಹಾಸಿದ ಮಂಚದಲ್ಲಿ ಸುಕ್ಕು ಇರುವುದೇ ಇಲ್ಲ. ಈ ಹೆರಿಗೆ ವಾರ್ಡಿನಲ್ಲಿ ಇವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಇಸ್ತ್ರಿ, ಇಸ್ತ್ರಿ ಸಿಸ್ಟರ್, ಇಸ್ತ್ರಿ ಎಲ್ಲಿ, ಆ ಕೊನೇ ಮಂಚಕ್ಕೆ ಇಸ್ತ್ರಿನ ಕಳಿಸಿ — ಕೇಳಿಸಿಕೊಂಡ ಬಾಣಂತಿಯೊಬ್ಬಳು ಮುದುಡಿದ ಸೀರೆ ತೆಗೆದಿಟ್ಟು ಕಾದದ್ದೂ ಉಂಟು. ಸುಕ್ಕು ಅಂದ್ರೆ ಬೆನ್ನಿಗೆ ಮುಳ್ಳು, ಹೆತ್ತವಳ ಬೆನ್ನಿಗೆ ಮುಳ್ಳು ಕೊಡಬಾರದು ಎಂದು ಮೊದಲ ದಿನ ಹೇಳಿಕೊಟ್ಟವಳು ಅಕ್ಕ, ಅಂದರೆ ವಾರ್ಡಿನ ಹಿರಿಯ ಸಿಸ್ಟರು, ಅಂದಿನಿಂದ ಕೈಗೆ ಅದೊಂದು ಹುಚ್ಚು ಹಿಡಿದುಬಿಟ್ಟಿದೆ, ಮನೆಯಲ್ಲೂ, ಗಂಡ ಇನ್ನೂ ಮಲಗಿರುವಾಗಲೇ ಅವನ ಸುತ್ತ ಎಳೆದು ಸಿಕ್ಕಿಸಿ, ನನ್ನನ್ನೇನು ಪಾರ್ಸೆಲ್ ಮಾಡ್ತಿದ್ದೀಯಾ ಎಂದು ಬೈಸಿಕೊಂಡಿದ್ದಾಳೆ. ಕಿಟಕಿಯ ಕೆಳಗೆ ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತಿ, ಚೆನ್ನಾಗಿ ಹಾಸ್ಕೊಳ್ಳಮ್ಮ, ಇನ್ನೆರಡು ತಿಂಗಳಿಗೆ ನೀನೇ ಮಲಗೋ ಮಂಚ, ಆಮೇಲೆ ಅಲ್ಲಿ ಚುಚ್ಚಿತು ಇಲ್ಲಿ ಚುಚ್ಚಿತು ಅಂತ ನನ್ನ ತಲೆ ತಿನ್ನಬೇಡ ಅಂದಳು, ಇವಳು ನಕ್ಕಳು, ನಕ್ಕು ಸಿಕ್ಕಿಸಿದ ಅಂಚನ್ನೇ ಮತ್ತೊಮ್ಮೆ ಒಳಗೆ ತಳ್ಳಿದಳು, ಆಯಾಗೆ ಅದು ಕಾಣಿಸಲಿಲ್ಲ, ಅವಳ ಕಣ್ಣು ಬಕೆಟ್ಟಿನಲ್ಲಿತ್ತು. ಇದೇ ಮಂಚ. ಹೌದು, ಇದೇ ಮಂಚ.

ಮೂಲೆ ಕೋಣೆ ನಮ್ಮವರಿಗೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೂ ಆಸ್ಪತ್ರೆಯ ಹೆಣ್ಣುಮಕ್ಕಳಿಗೆ, ಕಾವಲುಗಾರನ ಸೊಸೆಗೆ, ಉಗ್ರಾಣದವನ ಮಗಳಿಗೆ ಹೆರಿಗೆ ಅಂದರೆ ಈ ಕೋಣೆಯೇ, ಎರಡು ಕಿಟಕಿ, ಸದ್ದು ಮಾಡದ ಫ್ಯಾನು, ಬಾಗಿಲು ಎಳೆದುಕೊಂಡರೆ ಹೊರಗಿನ ವಾರ್ಡಿನ ಅಳು ಕೇಳಿಸದು, ಮಂಚದ ಸುತ್ತ ಎಂಟು ಹತ್ತು ಜನ ನಿಲ್ಲುವಷ್ಟು ಜಾಗ, ನಿಲ್ಲುತ್ತಾರೆ ಕೂಡ, ನಮ್ಮವಳು ಹೆರುತ್ತಾಳೆ ಎಂದರೆ ಕೆಲಸ ಮುಗಿಸಿ ಹೊರಟವರೂ ಮೆಟ್ಟಿಲಿನಿಂದ ತಿರುಗಿ ಬರುತ್ತಾರೆ. ಈಗ ಇವಳ ಸರದಿ. ಇಷ್ಟು ವರ್ಷ ಬೇರೆಯವರ ಮಕ್ಕಳನ್ನು ಒರೆಸಿ, ಸುತ್ತಿ, ತಾಯಂದಿರ ಎದೆಗೆ ಕೊಟ್ಟು, ಇನ್ನು ತನಗಿಲ್ಲ ಎಂದು ಒಳಗೊಳಗೇ ಬಾಗಿಲು ಹಾಕಿಕೊಂಡ ಮೇಲೆ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಓಕರಿಕೆ — ಅವತ್ತಿನಿಂದ ವಾರ್ಡಿಗೆ ವಾರ್ಡೇ ಬಸುರಿ, ಇವಳೊಬ್ಬಳು ಮಾತ್ರ ನೆಪಕ್ಕೆ. ಯಾರು ಹೆರಿಗೆ ಮಾಡಿಸುವುದು ಎನ್ನುವುದೇ ಈಗ ಎಲ್ಲರ ಬಾಯಲ್ಲಿ. ದೊಡ್ಡ ಮೇಡಂ ಇರೋವಾಗ ಇನ್ಯಾರು, ಅವರ ಕೈಗುಣ ಊರಿಗೇ ಗೊತ್ತು. ಇಲ್ಲಮ್ಮ, ಸಣ್ಣ ಡಾಕ್ಟ್ರು ಹೊಸದಾಗಿ ಕಲಿತು ಬಂದೋರು, ನೋವಿಲ್ಲದ ಹಾಗೆ ಮಾಡಿಸ್ತಾರೆ. ಯಾಕೆ, ಅಕ್ಕ ಸಾಲದಾ, ಡಾಕ್ಟ್ರುಗಳು ಬಂದು ಕೈ ತೊಳ್ಕೊಳ್ಳೋ ಹೊತ್ತಿಗೆ ಅಕ್ಕನ ಕೈಯಲ್ಲಿ ಮಗು ಇರುತ್ತೆ. ಇವಳು ಹೂಂ ಅನ್ನುತ್ತಾಳೆ, ಎಲ್ಲರಿಗೂ ಹೂಂ, ಮೂರು ಜನಕ್ಕೂ ಹೂಂ ಅಂದು ಆಗಿದೆ. ದೊಡ್ಡ ಮೇಡಂಗೆ ಹಸಿವಾದರೆ ಸಿಡುಕು, ಸಿಡುಕಿದರೆ ಕೈ ಬಿರುಸು, ಗೊತ್ತು. ಸಣ್ಣ ಡಾಕ್ಟರಿಗೆ ಕಾಯಲು ಬಾರದು, ಕತ್ತರಿ ಬೇಗ ಕೈಗೆ ಬರುತ್ತದೆ, ಅದೂ ಗೊತ್ತು. ಅಕ್ಕನ ಮಂಡಿ ಹೋಗಿದೆ, ಬಹಳ ಹೊತ್ತು ನಿಲ್ಲಲಾರಳು, ನಿಲ್ಲುತ್ತೇನೆ ಎಂದು ಹಠ ಮಾಡುತ್ತಾಳೆ. ಅಡುಗೆಮನೆ ಕಂಡವರಿಗೆ ಎಲೆಯ ಮುಂದೆ ಕೂತಾಗ ಊಟ ಸೇರುವುದಿಲ್ಲವಂತೆ. ಆದರೆ ಅಷ್ಟೇ ಆಗಿದ್ದರೆ ಇವಳು ಯಾರನ್ನೋ ಒಬ್ಬರನ್ನು ಆರಿಸಿಕೊಂಡು ನಿದ್ದೆ ಮಾಡುತ್ತಿದ್ದಳು, ದೋಷವಿಲ್ಲದ ಕೈ ಎಲ್ಲಿದೆ, ಇವಳದೇ ಇದೆಯೇ, ಮೂವರೂ ಒಳ್ಳೆಯವರು, ಮೂವರ ಕೈಯಲ್ಲೂ ಎಷ್ಟೋ ಜೀವ ಉಳಿದದ್ದನ್ನು ಪಕ್ಕದಲ್ಲೇ ನಿಂತು ಕಂಡಿದ್ದಾಳೆ — ಮೂವರಿಗೂ ಇವಳೆಂದರೆ ಪ್ರೀತಿ. ಭಯ ಇರುವುದು ಅಲ್ಲಿ.

ಮನೆಯಲ್ಲಿ ಈ ಭಯಕ್ಕೆ ಕೂರಲು ಜಾಗವಿಲ್ಲ. ಅತ್ತೆ ಬಟ್ಟೆ ಒಣಹಾಕುತ್ತಿದ್ದಾಗ ಇವಳು ಸುಮ್ಮನೆ, ಅತ್ತೇ, ಬೇರೆ ಆಸ್ಪತ್ರೆಲೂ ಒಂದ್ಸಲ ತೋರಿಸಿದ್ರೆ ಹೇಗೆ ಅಂದದ್ದೇ ತಡ, ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದಳಂತೆ ಒಬ್ಬಳು, ಅವಳ ಹೆಸರೇನು ಅಂತ ಗೊತ್ತಿರಲಿಲ್ಲ ಇವತ್ತು ಗೊತ್ತಾಯ್ತು ಅಂದರು, ಒದ್ದೆ ಟವೆಲನ್ನು ಪಟ್ಟೆಂದು ಕೊಡವಿ. ನಾನು ಹೆತ್ತಾಗ ನನ್ನ ಕಡೆಯೋರು ಅಂತ ಒಂದು ನರಪಿಳ್ಳೆ ಇರಲಿಲ್ಲ ಕಣೇ, ಗೋಡೆ ನೋಡ್ಕೊಂಡು ಹೆತ್ತೆ, ಬರೋಳು ಹೋಗೋಳು ಎಲ್ಲಾ ಏನಮ್ಮಾ ನಿನ್ನ ಹೆಸರು ಏನಮ್ಮಾ ನಿನ್ನ ಹೆಸರು, ಹೆಸರು ಹೇಳಿ ಹೇಳಿ ಬಾಯಿ ಒಣಗಿಹೋಯ್ತು, ನಿನಗೆ ನೋಡು, ಮೈಯೆಲ್ಲ ಕಣ್ಣಾಗಿ ನೋಡ್ಕೊಳ್ಳೋರು ಹತ್ತು ಜನ. ಗಂಡ ಲಿಫ್ಟು ರಿಪೇರಿ ಮಾಡುವವನು, ಅವನನ್ನು ಕೇಳಿದರೆ, ಅದು ನಿನ್ನ ಇಲಾಖೆ ನನ್ನನ್ನೇನು ಕೇಳ್ತೀಯ, ಹಗ್ಗ ಗಾಲಿ ಆದ್ರೆ ಹೇಳ್ತೀನಿ ಅಂದ, ಆಮೇಲೆ ಷೂ ಬಿಚ್ಚುತ್ತಾ, ತನ್ನಷ್ಟಕ್ಕೆ ನಕ್ಕು, ಗೊತ್ತಾ, ನಮ್ಮಣ್ಣನ ಅಪಾರ್ಟ್‌ಮೆಂಟಿನ ಲಿಫ್ಟು ನೋಡೋಕೆ ನಾನು ಹೋಗಲ್ಲ ಬೇರೆಯವರನ್ನ ಕಳಿಸ್ತೀನಿ, ಯಾಕೆ ಹೇಳು, ಅರ್ಧ ಮನಸ್ಸು ಅತ್ತಿಗೆ ಕೊಡೋ ಕಾಫಿ ಮೇಲಿರುತ್ತೆ. ಅವನು ಅದನ್ನು ತಮಾಷೆಗೆಂದು ಹೇಳಿ ಸ್ನಾನಕ್ಕೆ ಹೋದ, ಇವಳು ಅವನ ಷೂ ಹಿಡಿದುಕೊಂಡು ನಿಂತೇ ಇದ್ದಳು. ಹೇಳಿಬಿಡಲೇ ಅವನಿಗೆ — ಬಚ್ಚಲಿನ ಬಾಗಿಲವರೆಗೆ ಹೋದಳು ಕೂಡ. ಆದರೆ ಅವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಸಂಜೆಗೆ ಅತ್ತೆಗೆ, ಬೆಳಿಗ್ಗೆಗೆ ಆಯಾಗೆ, ಆಯಾ ಬಾಯಿಗೆ ಬಿದ್ದರೆ ಮಧ್ಯಾಹ್ನದೊಳಗೆ ಅಕ್ಕನಿಗೆ, ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ನಿಂತರೆ — ಅದನ್ನು ನೋಡಲು ಇವಳಿಂದ ಆಗದು.

ಹೋದ ವರ್ಷ ಲ್ಯಾಬಿನವಳ ಹೆರಿಗೆಯ ದಿನವೂ ಈ ಮಂಚ ಹಾಸಿದ್ದು ಇವಳೇ. ಲ್ಯಾಬಿನವಳು ಕೆಳಗಿನ ಮಹಡಿಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ದಿನವಿಡೀ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡುವವಳು, ಮಧ್ಯಾಹ್ನ ಇವಳ ಡಬ್ಬಿಯಿಂದ ಕೇಳದೆ ತೆಗೆದು ತಿನ್ನುವವಳು, ಗೆಳತಿ ಅನ್ನುವ ಮಾತು ಇಬ್ಬರೂ ಎಂದೂ ಆಡಿದ್ದಿಲ್ಲ, ಅಷ್ಟು ಹತ್ತಿರ. ಹೆರಿಗೆ ಸಲೀಸಾಗಿ ಆಯಿತು, ದೊಡ್ಡ ಮೇಡಮ್ಮೇ ನಿಂತು ಮಾಡಿಸಿದರು, ಹೆಣ್ಣು ಮಗು, ತಲೆ ತುಂಬ ಕೂದಲು, ಬಾಗಿಲು ತೆರೆದದ್ದೇ ಇಡೀ ಆಸ್ಪತ್ರೆ ಒಳಗೆ ನುಗ್ಗಿತು, ಮಗು ಕೈಯಿಂದ ಕೈಗೆ, ಮೂಗು ಯಾರದು ಕಿವಿ ಯಾರದು, ಸಣ್ಣ ಡಾಕ್ಟರು ಎಲ್ಲರಿಗೂ ಚಾ ತರಿಸಿದರು. ಬೇರೆ ಯಾರೇ ಹೆರಲಿ, ರಸ್ತೆಯಿಂದ ಎತ್ತಿ ತಂದವಳೇ ಆಗಲಿ, ಅಕ್ಕನ ಮೂರು ಮಾತಿನ ಕಟ್ಟಳೆ ತಪ್ಪುವುದಿಲ್ಲ — ಹೆಸರು ಕೇಳು, ಹೊಟ್ಟೆ ಮುಟ್ಟು, ಹೊದಿಕೆ ಎತ್ತು. ಹೆಸರು ಕೇಳಿದರೆ ಅವಳಿಗೆ ಎಚ್ಚರವಿದೆಯೇ ಗೊತ್ತಾಗುತ್ತದೆ, ಹೊಟ್ಟೆ ಮುಟ್ಟಿದರೆ ಗರ್ಭಕೋಶ ಕಲ್ಲಿನಂತೆ ಬಿಗಿದಿದೆಯೇ ಗೊತ್ತಾಗುತ್ತದೆ, ಹೊದಿಕೆ ಎತ್ತಿದರೆ ಉಳಿದದ್ದು. ಮತ್ತೆ ಮತ್ತೆ, ಬಾಣಂತಿ ರೇಗುವವರೆಗೆ, ರೇಗಿದರೆ ಇನ್ನೂ ಒಳ್ಳೇದು, ರೇಗೋಕೆ ಶಕ್ತಿ ಇದೆ ಅಂತ ಅರ್ಥ ಅನ್ನುತ್ತಾಳೆ ಅಕ್ಕ. ಅವತ್ತು ಯಾರೂ ಹೆಸರು ಕೇಳಲಿಲ್ಲ, ನಮ್ಮವಳ ಹೆಸರು ಯಾರಿಗೆ ಗೊತ್ತಿಲ್ಲ, ಯಾರೂ ಹೊಟ್ಟೆ ಮುಟ್ಟಲಿಲ್ಲ, ಹೊದಿಕೆ ಎತ್ತಲಿಲ್ಲ, ಇಷ್ಟು ಜನರ ಮುಂದೆ, ಜೊತೆಯಲ್ಲಿ ಊಟ ಮಾಡುವವಳ ಹೊದಿಕೆ ಎತ್ತುವುದು ಹೇಗೆ, ಪಾಪ, ಮರ್ಯಾದೆ. ಮೇಡಂ ನೋಡಿರುತ್ತಾರೆ ಎಂದು ಅಕ್ಕ, ಅಕ್ಕ ನೋಡಿರುತ್ತಾಳೆ ಎಂದು ಮೇಡಂ, ಇಬ್ಬರೂ ಇದ್ದಾರಲ್ಲ ಎಂದು ಸಣ್ಣ ಡಾಕ್ಟರು. ಲ್ಯಾಬಿನವಳು ನಗುತ್ತಲೇ, ಯಾಕೋ ಚಳಿ ಆಗ್ತಿದೆ ಕಣ್ರೇ ಅಂದಳು. ಹೆತ್ತ ಮೈ, ಚಳಿ ಇರುತ್ತೆ ಕಂದಾ ಅಂದಳು ಅಕ್ಕ — ಅಕ್ಕನೇ — ಅಂದು ಕಪಾಟಿನಿಂದ ಇನ್ನೊಂದು ಹೊದಿಕೆ ತಂದು, ಎತ್ತದೆ, ಮೊದಲಿನದರ ಮೇಲೆಯೇ ಹೊದಿಸಿ, ಕತ್ತಿನವರೆಗೆ ಎಳೆದು, ಹಣೆ ಸವರಿದಳು. ಫೋಟೋ ತೆಗೀರಿ ಫೋಟೋ, ಎಲ್ಲಾ ಹತ್ತಿರ ಬನ್ನಿ, ಇಸ್ತ್ರಿ, ಆ ಹೊದಿಕೆ ಸರಿಮಾಡೇ, ಫೋಟೋದಲ್ಲಿ ಸುಕ್ಕು ಕಾಣುತ್ತೆ. ಇವಳು ಮಾಡಿದಳು. ಅಂಗೈಯಿಂದ, ಮೇಲಿನಿಂದ ಕೆಳಗೆ. ಫೋಟೋ ಆಯಿತು. ಎಲ್ಲರೂ ನಗುತ್ತಿದ್ದಾರೆ, ಯಾರೋ ಏನೋ ಅಂದದ್ದಕ್ಕೆ ಇನ್ನೂ ನಗುತ್ತಲೇ ಇದ್ದಾರೆ, ಆಗ ಹೊದಿಕೆಯ ಪಕ್ಕದಿಂದ ಒಂದು ಕೈ ಹೊರಗೆ ಬಂತು, ನಿಧಾನವಾಗಿ, ಲ್ಯಾಬಿನವಳದೇ ಕೈ, ಅಂಗೈ ಮೇಲಾಗಿ, ಮಣಿಕಟ್ಟಿನವರೆಗೆ ಕೆಂಪು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ದಿನಾ ಕೊಳವೆ ಹಿಡಿಯುವ ಹಾಗೆಯೇ, ಕಣ್ಣು ಕಿರಿದು ಮಾಡಿ ನೋಡಿ, ಗಾಬರಿಯಿಲ್ಲದ ದನಿಯಲ್ಲಿ, ಬೇರೆ ಯಾರದೋ ರಕ್ತದ ಬಗ್ಗೆ ಕೇಳುವವಳಂತೆ ಕೇಳಿದಳು, ಇದು ಜಾಸ್ತಿ ಅಲ್ವಾ?

ಉಳಿದಳು. ಗರ್ಭಕೋಶ ಹೋಯಿತು, ಜೀವ ಉಳಿಯಿತು, ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸಿದರು, ಅರ್ಧ ಆಸ್ಪತ್ರೆಯೇ ಸಾಲಾಗಿ ತೋಳು ಚಾಚಿ ಮಲಗಿತು, ದೊಡ್ಡ ಮೇಡಂ ಆ ರಾತ್ರಿ ಮನೆಗೇ ಹೋಗಲಿಲ್ಲ. ನಮ್ಮ ಕೈಯಲ್ಲಿ ಇದ್ದಳು, ಅದಕ್ಕೇ ಉಳಿದಳು ಎಂದು ಎಲ್ಲರೂ ಹೇಳಿದರು, ಈಗಲೂ ಹೇಳುತ್ತಾರೆ, ಲ್ಯಾಬಿನವಳೂ ಹೇಳುತ್ತಾಳೆ, ನೀವೆಲ್ಲಾ ಇದ್ದಿದ್ದಕ್ಕೆ, ಆದರೆ ಮೇಲಿನ ಮಹಡಿಗೆ ಬರುವುದಿಲ್ಲ, ಊಟದ ಡಬ್ಬಿಯನ್ನು ಕೆಳಗೇ ಬಿಚ್ಚುತ್ತಾಳೆ, ಇವಳೇ ಇಳಿದು ಹೋಗುತ್ತಾಳೆ. ಯಾರದು ತಪ್ಪು ಎಂದು ಹುಡುಕಿದರೆ ಯಾರದೂ ಅಲ್ಲ, ಅದೇ ದೊಡ್ಡ ಹೆದರಿಕೆ, ಒಬ್ಬರದಾಗಿದ್ದರೆ ಆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಬಹುದಿತ್ತು. ಹತ್ತು ಜನ ಕಾಯುವ ಹಾಲು ಒಲೆಯ ಪಾಲು. ಪಾಠ ಕಲಿತಿರುತ್ತಾರೆ ಎಂದುಕೊಂಡಿದ್ದಳು, ಮೊನ್ನೆ ಉಗ್ರಾಣದವನ ಮಗಳು ಇದೇ ಮಂಚದಲ್ಲಿ ಹೆತ್ತಾಗ ಇವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು, ಅಕ್ಕ ಹೊದಿಕೆಗೆ ಕೈ ಹಾಕಿದಳು, ಹಾಕಿದಳು, ಆಗ ಆ ಹುಡುಗಿ, ಅಯ್ಯೋ ಅಕ್ಕಾ ಬೇಡ, ನಾಚಿಕೆ ಆಗುತ್ತೆ, ನೀವು ನನ್ನ ಎತ್ತಿ ಆಡಿಸಿದೋರು, ಎಂದು ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಸರಿ ಬಿಡು ಪುಟ್ಟಿ, ಅಂದಳು ಅಕ್ಕ. ಏನೂ ಆಗಲಿಲ್ಲ, ಹುಡುಗಿ ಇವತ್ತು ಬೆಳಿಗ್ಗೆ ಮಗುವನ್ನೆತ್ತಿಕೊಂಡು ಮನೆಗೆ ಹೋದಳು, ಹೋದದ್ದಕ್ಕೇ ಈ ಮಂಚ ಹೊಸದಾಗಿ ಹಾಸುತ್ತಿರುವುದು. ಏನೂ ಆಗಲಿಲ್ಲ, ಸರಿ. ಆದರೆ ಇವಳಿಗೆ ತಿಳಿದುಹೋಗಿದೆ, ಆ ಹುಡುಗಿಯ ಜಾಗದಲ್ಲಿ ತಾನಿದ್ದರೆ ತಾನೂ ಅಂಚನ್ನು ಹಾಗೆಯೇ ಹಿಡಿದುಕೊಳ್ಳುತ್ತಿದ್ದಳು. ನಾಳೆ ಇದೇ ಜನರ ಎದುರು ಕೂತು ಊಟ ಮಾಡಬೇಕಲ್ಲ. ಮೇಡಂ ಬೇಡ, ಅಕ್ಕಾ ಬೇಡ, ಚೆನ್ನಾಗಿದ್ದೀನಿ — ಅಂದುಬಿಡುತ್ತಾಳೆ. ಸ್ವಲ್ಪ ಚಳಿ ಅಷ್ಟೇ.

ನಿನ್ನೆ ರಜೆ. ದಾರದ ಉಂಡೆ ತರ್ತೀನಿ ಅಂತ ಅತ್ತೆಗೆ ಹೇಳಿ, ಸೇತುವೆ ದಾಟಿ, ಅತ್ತ ಕಡೆಯ ಹೆರಿಗೆ ಆಸ್ಪತ್ರೆಗೆ ಹೋದಳು, ಬಸ್ಸು ಹತ್ತಿದ ಕಾಲೇ ಇಳಿಯಿತು. ಬಣ್ಣ ಹೋದ ಗೋಡೆ, ಒಂದು ಕಾಲು ಕುಂಟುವ ಬೆಂಚು, ಫ್ಯಾನು ತಿರುಗಿದರೆ ಮೇಲಿನಿಂದ ಧೂಳು, ನಮ್ಮ ವಾರ್ಡಿನ ಮುಂದೆ ಇದು ಏನು, ಕಣ್ಣು ತಾನಾಗಿಯೇ ತಪ್ಪು ಹುಡುಕುತ್ತಿತ್ತು, ಬಕೆಟ್ಟಿಗೆ ಮುಚ್ಚಳವಿಲ್ಲ, ಹಾಸಿದ ಹಾಸಿಗೆ ನೋಡಿದರೆ ನಾಯಿ ಉರುಳಾಡಿ ಎದ್ದ ಹಾಗಿದೆ. ಮೇಜಿನವಳು ತಲೆ ಎತ್ತದೆ ಕೇಳಿದಳು, ಹೆಸರು. ಹೇಳಿದಳು. ತನ್ನ ಹೆಸರು ತನ್ನ ಬಾಯಿಗೇ ಹೊಸದಾಗಿ ಕೇಳಿಸಿತು, ಮದುವೆಯಲ್ಲಿ ಉಟ್ಟು ಎತ್ತಿಟ್ಟ ಸೀರೆ ಮತ್ತೆ ಉಟ್ಟ ಹಾಗೆ. ಒಳಗಿನ ಕೋಣೆಯ ಬಾಗಿಲಲ್ಲಿ ಇನ್ನೊಬ್ಬಳು, ಹೆಸರು. ಈಗ ತಾನೇ ಹೇಳಿದೆನಲ್ಲಮ್ಮ. ಅವಳಿಗೆ ಹೇಳಿದ್ದೀರಿ, ನನಗೆ ಹೇಳಿ. ಆಮೇಲೆ ಪರದೆಯ ಹಿಂದೆ, ಇವಳಿಗಿಂತ ಸ್ವಲ್ಪ ದೊಡ್ಡವಳು, ಅಲ್ಲಿಯ ಹೆರಿಗೆ ಸಿಸ್ಟರು, ಜೋರು ನೆಗಡಿ, ಮಾತಿಗೊಮ್ಮೆ ಆ ಕಡೆ ತಿರುಗಿ ಮೂಗು ಒರೆಸಿ, ಕೈ ತೊಳೆದು, ಮತ್ತೆ ಒರೆಸಿ, ಮತ್ತೆ ತೊಳೆದು, ಹೆಸರೇನು, ಮೊದಲನೇದಾ, ವಯಸ್ಸು ಆಗಿದೆಯಲ್ಲ, ಏನು ಕೆಲಸ? ಇವಳ ಬಾಯಿಗೆ ನಾನೂ ನಿಮ್ಮ ಹಾಗೇ ಅನ್ನುವುದು ಬಂದು ತುಟಿಯಲ್ಲಿ ನಿಂತಿತು, ಇಸ್ತ್ರಿ ಕೆಲಸ ಅಂದಳು. ಸುಳ್ಳೂ ಅಲ್ಲ. ಹಾಗಾದ್ರೆ ದಿನಾ ನಿಂತೇ ಇರ್ತೀರಿ, ಕಾಲು ತೋರಿಸಿ, ಎಂದು ನೆಗಡಿಯವಳು ಮೊಣಕಾಲ ಕೆಳಗೆ ಬೆರಳೊತ್ತಿ, ಗುಳಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ನೋಡುತ್ತಾ ಕೂತಳು, ಸೀನಿದಳು, ಮತ್ತೆ ಒತ್ತಿದಳು. ಮಲಗಿ ಅಂದಳು. ಹೊದಿಕೆ ಎತ್ತಿದಳು, ಕೇಳಲಿಲ್ಲ, ನಗಲಿಲ್ಲ, ತಪ್ಪು ತಿಳ್ಕೋಬೇಡಿ ಅನ್ನಲಿಲ್ಲ, ತರಕಾರಿಯವನು ತಕ್ಕಡಿಯ ಮುಳ್ಳು ನೋಡುವಂತೆ ನೋಡಿದಳು. ಇವಳಿಗೆ ನಾಚಿಕೆಯಾಯಿತೇ — ಆಗಲಿಲ್ಲ, ಯಾರ ಎದುರು ನಾಚುವುದು, ಆ ಹೆಂಗಸಿಗೆ ಇವಳು ಯಾರೂ ಅಲ್ಲ. ಏನಾದ್ರೂ ತಲೆ ಸುತ್ತು, ಕೆಂಪು, ಚಳಿ? ಚಳಿ ಎಂಬ ಮಾತಿಗೆ ಇವಳು ಮೊಣಕೈ ಊರಿ ಅರ್ಧ ಎದ್ದು, ಯಾಕೆ ಕೇಳ್ತೀರಿ ಅಂದಳು. ಎಲ್ಲರನ್ನೂ ಕೇಳ್ತೀನಿ, ನಿಮಗೇನು ಸ್ಪೆಷಲ್ಲಾ, ಎಂದು ನೆಗಡಿಯವಳು ಮೂಗು ಒರೆಸಿಕೊಂಡಳು. ಬರುವಾಗ ಬಸ್ಸಿನಲ್ಲಿ ಇವಳಿಗೆ ಅಳು, ಪಕ್ಕದವರು ಸೀಟು ಬಿಟ್ಟುಕೊಟ್ಟರು, ದಾರದ ಉಂಡೆ ಮರೆತುಹೋಯಿತು, ಎಲ್ಲೇ ದಾರ ಎಂದು ಅತ್ತೆ ಕೇಳಿದರೆ, ಬಣ್ಣ ಸಿಗಲಿಲ್ಲ ಎಂದಳು.

ಆದರೂ ಅಲ್ಲಿಗೆ ಹೋಗಿ ಹೆರುವುದು ಬುದ್ಧಿವಂತಿಕೆಯೇ, ಅಥವಾ ಬರೀ ಭಯವೇ. ಅಲ್ಲಿ ರಾತ್ರಿ ಹೊತ್ತು ಡಾಕ್ಟರು ಇರುತ್ತಾರೋ ಇಲ್ಲವೋ, ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ, ನೆಗಡಿಯವಳು ಅವತ್ತು ರಜೆಯಲ್ಲಿದ್ದರೆ, ಮುಚ್ಚಳವಿಲ್ಲದ ಆ ಬಕೆಟ್ಟು — ಇಲ್ಲಿ ತನಗಾಗಿ ಪ್ರಾಣ ಕೊಡುವವರನ್ನು ಬಿಟ್ಟು ಅಲ್ಲಿ ಯಾರೂ ಅಲ್ಲದವಳಾಗಿ ಮಲಗುವುದು, ಕೇಳಿದವರು ಏನನ್ನುತ್ತಾರೆ, ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಒಳಗಿನಿಂದ ಒಂದು ಒದೆ ಬಿತ್ತು, ಬಲಗಡೆ, ಪಕ್ಕೆಲುಬಿನ ಕೆಳಗೆ, ಇರು ಇರು ಎಂದು ಅಂಗೈ ಇಟ್ಟಳು. ಕೆಳಗೆ ಪರೀಕ್ಷೆಗೆ ರಕ್ತ ಕೊಡಲು ಹೋಗಬೇಕಿತ್ತು, ಮೇಡಂ ಬೆಳಿಗ್ಗೆಯೇ ಹೇಳಿದ್ದರು, ಆಯಾಗೆ ಬರ್ತೀನಿ ಅಂದು ಮೆಟ್ಟಿಲಿಳಿದಳು, ಕಂಬಿ ಹಿಡಿದು, ಒಂದೊಂದೇ. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಲ್ಯಾಬಿನವಳು ಕುರ್ಚಿ ಎಳೆದುಕೊಟ್ಟಳು, ಮಗಳು ಮಣ್ಣು ತಿನ್ನುವುದನ್ನು ಕಲಿತಿದ್ದಾಳೆ ಎಂದಳು, ಬೈದರೆ ಬಾಯಿ ಮುಚ್ಚಿಕೊಂಡು ನಗುತ್ತಾಳಂತೆ, ಹಲ್ಲೆಲ್ಲ ಮಣ್ಣು, ಹೇಳುತ್ತಲೇ ತೋಳಿಗೆ ಪಟ್ಟಿ ಬಿಗಿದಳು, ನರ ತಟ್ಟಿದಳು, ಹತ್ತಿ ಒತ್ತಿದಳು, ಖಾಲಿ ಕೊಳವೆಯನ್ನು ಕೈಗೆ ತೆಗೆದುಕೊಂಡು ಚೀಟಿಯ ಮೇಲೆ ಪೆನ್ನಿಟ್ಟು ಕೇಳಿದಳು, ಹೆಸರು? ಇವಳು ನಕ್ಕಳು, ಏನೇ ಹುಚ್ಚಿ, ನನ್ನ ಹೆಸರು ಗೊತ್ತಿಲ್ವಾ ನಿಂಗೆ. ಲ್ಯಾಬಿನವಳು ನಗಲಿಲ್ಲ. ಪೆನ್ನು ಎತ್ತಲೂ ಇಲ್ಲ. ಹೆಸರು ಹೇಳು. ದಿನಾ ಡಬ್ಬಿ ಹಂಚಿಕೊಳ್ಳುವವಳ ಕಣ್ಣು ಇವಳ ಕಣ್ಣಿನಲ್ಲಿ ನೆಟ್ಟು ನಿಂತಿತ್ತು, ಆ ಕಣ್ಣಿನಲ್ಲಿ ಕೋಪವಿರಲಿಲ್ಲ, ಆದರೆ ಕದಲಲಿಲ್ಲ, ಇವಳು ಹೇಳಿದಳು, ಪೂರ್ತಿ ಹೆಸರು, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವ ಹಾಗೆ. ಲ್ಯಾಬಿನವಳು ಬರೆದಳು, ಬರೆದದ್ದನ್ನು ಜೋರಾಗಿ ಓದಿದಳು, ಸರೀನಾ ಅಂದಳು, ಆಮೇಲೆಯೇ ಸೂಜಿ. ಕೊಳವೆ ತುಂಬುವುದನ್ನು ಇಬ್ಬರೂ ನೋಡಿದರು. ಎಲ್ಲಿ ಅಂತ ಮಾಡಿದ್ದೀಯ? ಅಂದಳು ಲ್ಯಾಬಿನವಳು, ಕೊಳವೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ. ಇಲ್ಲೇ, ಮತ್ತೆಲ್ಲಿ, ಅಂದಳು ಇವಳು. ಹೂಂ. ಇಷ್ಟೇ. ಹತ್ತಿಯನ್ನು ಸೂಜಿ ಚುಚ್ಚಿದಲ್ಲಿಟ್ಟು, ಇವಳದೇ ಬೆರಳನ್ನು ತಂದು ಅದರ ಮೇಲೆ ಒತ್ತಿ, ನೀನೇ ಹಿಡ್ಕೋ, ನಿಂತಿತು ಅಂತ ಅವರಿವರು ಹೇಳಿದ್ರೂ ಬಿಡಬೇಡ, ನೀನೇ ನೋಡಿ ಬಿಡು ಅಂದಳು. ಮೆಟ್ಟಿಲು ಹತ್ತುವಾಗಲೂ ಇವಳು ಬೆರಳು ತೆಗೆದಿರಲಿಲ್ಲ.

ಮೂಲೆ ಕೋಣೆಯಲ್ಲಿ ಆಗಲೇ ಸಭೆ ಸೇರಿತ್ತು. ದೊಡ್ಡ ಮೇಡಂ, ಸಣ್ಣ ಡಾಕ್ಟರು, ಬಾಗಿಲಿಗೆ ಒರಗಿ ಅಕ್ಕ, ಬಕೆಟ್ಟು ಬದಿಗಿಟ್ಟು ಆಯಾ, ಬಾ ತಾಯೀ, ನಿಂದೇ ಮಾತು, ಅಂದರು ಮೇಡಂ, ನಿನ್ನ ದಿನ ನೋಡಿದೆ, ಆ ವಾರ ನಾನು ಎಲ್ಲೂ ಹೋಗಲ್ಲ, ನಮ್ಮ ತಂಗಿ ಮಗನ ಮದುವೆ ಇದೆ, ಇರಲಿ ಬಿಡು, ಮದುವೆ ನಾನಿಲ್ದೇನೂ ಆಗುತ್ತೆ. ಮೇಡಂ ಹೋದ್ರೂ ನಾನಿದ್ದೀನಲ್ಲ ಅಂದರು ಸಣ್ಣ ಡಾಕ್ಟರು. ಇಬ್ರೂ ಹೋಗ್ರಪ್ಪಾ, ಗಂಡಸರು ದೊಡ್ಡೋರು ಎಲ್ಲಾ ಹೋಗಿ, ಕೊನೆಗೆ ಹಿಡಿಯೋಳು ನಾನೇ, ಅಂದಳು ಅಕ್ಕ, ಎಲ್ಲರೂ ನಕ್ಕರು, ನನ್ನ ಮಂಡಿ ನೋಡಬೇಡ, ನಿನ್ನ ದಿನಕ್ಕೆ ಸ್ಟೂಲ್ ಹಾಕ್ಕೊಂಡಾದ್ರೂ ಕೂರ್ತೀನಿ, ಹೇಳು ಈಗ, ಯಾರು ಬೇಕು, ಎಲ್ಲರ ಎದುರಿಗೇ ಹೇಳಿಬಿಡು, ಆಮೇಲೆ ಜಗಳ ಬೇಡ. ಎಲ್ಲ ಮುಖಗಳೂ ಇವಳ ಕಡೆ. ಅಕ್ಕನ ಕನ್ನಡಕದಲ್ಲಿ ಎರಡು ಕಿಟಕಿ, ಎರಡರಲ್ಲೂ ಇವಳು, ಚಿಕ್ಕದಾಗಿ. ಈ ಕೈಗಳನ್ನು ಇವಳು ಪ್ರೀತಿಸುತ್ತಾಳೆ, ಈ ಕೈಗಳೇ ಇವಳಿಗೆ ಕೆಲಸ ಕಲಿಸಿದವು, ಅಕ್ಕಾ, ನನ್ನ ಹೆಸರು ಕೇಳು, ಎಂದು ಹೇಳಿದರೆ ಅಕ್ಕ ಕೇಳುತ್ತಾಳೆ ಕೂಡ, ನಗುತ್ತಾ ಕೇಳುತ್ತಾಳೆ, ಒಂದು ಸಲ ಕೇಳುತ್ತಾಳೆ. ಇವಳಿಗೆ ತಟ್ಟನೆ ಎಲ್ಲವೂ ಸಮಾಧಾನವಾಗಿ ಕಾಣಿಸಿತು, ಮೊದಲ ನೋವು ಬಂದಾಗ ಗಂಡನಿಗೆ ಆಟೋ ಕರೆಸಲು ಹೇಳುವುದು, ಚಾಲಕನ ಹಿಂದೆ ತಾನೇ ಮೊದಲು ಹತ್ತಿ ಕೂರುವುದು, ಈ ಆಸ್ಪತ್ರೆಗೆಂದು ಎಡಕ್ಕೆ ತಿರುಗುವ ರಸ್ತೆ ಬಂದಾಗ, ನೇರ ಹೋಗಪ್ಪಾ, ಸೇತುವೆ ಕಡೆ, ಅನ್ನುವುದು. ಅಷ್ಟೇ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳುವುದಿಲ್ಲ. ಆಮೇಲೆ ಅಕ್ಕ ಕನ್ನಡಕ ಒರೆಸಲಿ, ಮೇಡಂ ಮಾತು ಬಿಡಲಿ, ಅತ್ತೆ ಬೆಣ್ಣೆ ತುಪ್ಪದ ಕಥೆ ಊರಿಗೆಲ್ಲಾ ಹೇಳಲಿ, ಬೈಸಿಕೊಳ್ಳುವುದಕ್ಕಾದರೂ ತಾನಿರಬೇಕಲ್ಲ. ನೀವೆಲ್ಲಾ ಸೇರಿ ಹೇಗೆ ಹೇಳ್ತೀರೋ ಹಾಗೆ ಅಕ್ಕಾ, ಅಂದಳು ಇವಳು. ನೋಡಿದ್ರಾ ನಮ್ಮ ಹುಡುಗಿನಾ, ಅಂದರು ಮೇಡಂ. ಚಾ ತರಿಸಲು ಯಾರೋ ಹೋದರು. ಇವಳು ಮಂಚದ ಕಡೆ ತಿರುಗಿ, ಮಾಡಲು ಏನೂ ಉಳಿದಿರದಿದ್ದರೂ, ಅಭ್ಯಾಸಬಲದಿಂದ ಅಂಗೈಯನ್ನು ಹೊದಿಕೆಯ ಮೇಲಿಟ್ಟಳು, ಮೇಲಿನಿಂದ ಕೆಳಗೆ ಸವರಲು ಹೋದಳು, ಹಿಂದೆ ಎಲ್ಲರೂ ನಗುತ್ತಿದ್ದರು, ಕಿಟಕಿಯ ಬೆಳಕು ಹೊದಿಕೆಯ ಮೇಲೆ ನೇರ ಬಿದ್ದಿತ್ತು, ಒಂದು ಸುಕ್ಕಿಲ್ಲ, ಒಂದು ಗೆರೆಯಿಲ್ಲ — ಕೈ ಅಲ್ಲೇ ನಿಂತಿತು, ಅಂಚಿನ ಹತ್ತಿರ, ಅಂಚಿನಿಂದ ಆ ಇನ್ನೊಂದು ಕೈ ಹೊರಗೆ ಬರುತ್ತಿದೆ, ನಿಧಾನವಾಗಿ, ಅಂಗೈ ಮೇಲಾಗಿ, ಬೆಳಕಿಗೆ ಹಿಡಿದ ಕೈ, ಮಣಿಕಟ್ಟಿನವರೆಗೆ ಕೆಂಪು, ಆ ಕೈ.